ಕರೆಂಟ್ ಆಫೀಸಿನವನ ಮೇಣದಬತ್ತಿ

ಮದುವೆಯಾಗುವಾಗ ಗಂಡಸು ಹುಡುಗಿ ಹೇಗಿದ್ದಾಳೆ ಎಂದು ನೋಡುತ್ತಾನೆ, ಮಾವ ಎಂಥವನು ಎಂದು ವಿಚಾರಿಸುತ್ತಾನೆ, ಅತ್ತೆಯ ಬಾಯಿ ಎಷ್ಟು ದೊಡ್ಡದು ಎಂದು ಅಕ್ಕಪಕ್ಕದವರಿಂದ ತಿಳಿದುಕೊಳ್ಳುತ್ತಾನೆ. ಆದರೆ ಆ ಹುಡುಗಿಗೊಬ್ಬ ತಂಗಿಯಿದ್ದಾಳೆ, ಆ ತಂಗಿಯನ್ನು ಮುಂದೆ ಯಾವನೋ ಒಬ್ಬ ಕಟ್ಟಿಕೊಂಡು ತನಗೆ ಷಡ್ಡಕನಾಗಿ ವಕ್ಕರಿಸುತ್ತಾನೆ, ವಕ್ಕರಿಸಿದವನು ಮನೆಯಲ್ಲೇ ಸೋಪು ಮಾಡುವಂಥ ಮನುಷ್ಯನಾಗಿರುತ್ತಾನೆ ಎಂದು ಯೋಚಿಸಿ ಮದುವೆಯಾದವರನ್ನು ನಾವು ಕಂಡಿಲ್ಲ. ಈಗ್ಬಂತಪ್ಪನೂ ಯೋಚಿಸಿರಲಿಲ್ಲ.

ಈಗ್ಬಂತಪ್ಪ ಎನ್ನುವುದು ತಂದೆತಾಯಿ ಇಟ್ಟ ಹೆಸರಲ್ಲ, ಊರು ಇಟ್ಟದ್ದು. ಕರೆಂಟ್ ಆಫೀಸಿನ ದೂರು ವಿಭಾಗದಲ್ಲಿ ಫೋನೆತ್ತುವುದು ಅವನ ನೌಕರಿ. ಯಾರು ಯಾವ ಹೊತ್ತಿನಲ್ಲಿ ಕೇಳಿದರೂ, "ಈಗ್ ಬಂತು ಸಾರ್, ಈಗ್ ಬಂತು" ಎನ್ನುತ್ತಿದ್ದ. ಅವನು ಹಾಗೆಂದ ಮೇಲೆ ಕರೆಂಟು ಬಂದದ್ದನ್ನು ಊರಿನಲ್ಲಿ ಕಂಡವರಿಲ್ಲ. ಸುಳ್ಳು ಹೇಳಬೇಕೆಂಬ ಕೆಟ್ಟ ಬುದ್ಧಿ ಅವನದಲ್ಲ. ಕರೆಂಟು ಯಾವಾಗ ಬರುತ್ತದೆಂದು ಅವನಿಗೆ ಯಾರೂ ಹೇಳುತ್ತಿರಲಿಲ್ಲ, ಫೋನಿನಲ್ಲಿ ಬೈಯುವವರಿಗೆ ಏನಾದರೊಂದು ಹೇಳಿ ಸಮಾಧಾನ ಮಾಡಬೇಕಿತ್ತು, ಅಷ್ಟೇ. ಹೀಗೆ ಸಮಾಧಾನ ಮಾಡಿ ಮಾಡಿ ಅವನ ಬಾಯಿಂದ ಬರುವ ಮಾತಿಗೆ ಊರಿನಲ್ಲಿ ಕವಡೆ ಕಿಮ್ಮತ್ತಿಲ್ಲದಂತಾಗಿತ್ತು.

ಇಂಥ ಈಗ್ಬಂತಪ್ಪನ ಮನೆಗೆ ಷಡ್ಡಕ ತನ್ನ ಕೈಯಾರೆ ಮಾಡಿದ ಸೋಪುಗಳನ್ನು ರಟ್ಟಿನ ಡಬ್ಬದಲ್ಲಿಟ್ಟು, ಮೇಲೆ ರಿಬ್ಬನ್ ಕಟ್ಟಿ ತಂದುಕೊಟ್ಟ. ಹೆಂಡತಿ ಒಂದು ವಾರ ತನ್ನ ಕೈಯನ್ನು ತಾನೇ ಮೂಸಿಕೊಂಡು ಓಡಾಡಿದಳು. ಪಾತ್ರೆ ತೊಳೆಯುವಾಗ ಮೂಸಿದಳು, ಬಟ್ಟೆ ಮಡಚುವಾಗ ಮೂಸಿದಳು, ಗಂಡನ ಜೊತೆ ಜಗಳವಾಡುವಾಗಲೂ ನಡುವೆ ನಿಲ್ಲಿಸಿ ಮೂಸಿದಳು. ಕೊನೆಗೆ ಈಗ್ಬಂತಪ್ಪನ ತಾಳ್ಮೆ ತಪ್ಪಿತು.

"ಸೋಪು ಏನ್ ಮಹಾ. ಯಾರ್ ಬೇಕಾದ್ರೂ ಮಾಡ್ತಾರೆ. ಮೇಣದಬತ್ತಿ ಮಾಡ್ಲಿ ನೋಡೋಣ."

"ನೀವು ಮಾಡ್ತೀರಾ?"

"ಮಾಡ್ದೆ ಏನು? ಈ ತಿಂಗಳ ಕೊನೆಗೆ ಅವರ ಮದುವೆ ಆದ ದಿನ ಬರುತ್ತಲ್ಲ, ಆವತ್ತು ನಿನ್ನ ತಂಗಿ ಮನೆ ಮೇಜಿನ ಮೇಲೆ ನಾನು ಮಾಡಿದ ಬತ್ತಿ ಉರೀಬೇಕು. ನಿಮ್ಮ ಸೋಪಪ್ಪ ಅದರ ಬೆಳಕಲ್ಲಿ ಕೂತು ಊಟ ಮಾಡ್ಬೇಕು."

ಹೆಂಡತಿ ಕೈ ಮೂಸಿಕೊಂಡು ಒಳಗೆ ಹೋದಳು. ಆ ಮೂಸುವಿಕೆಯಲ್ಲಿದ್ದ ತಾತ್ಸಾರ ಅವನ ಎದೆಗೆ ನಾಟಿತು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ.

ಮರುದಿನ ಸಂಜೆ ಅವನು ಬೀದಿಯ ಕೊನೆಯ ಅಂಗಡಿಗೆ ಹೋದ. ಮೇಣದ ಗಟ್ಟಿಗಳನ್ನು ಕೈಚೀಲದ ತುಂಬ ತುಂಬಿಸಿಕೊಂಡ. ಬತ್ತಿಯ ನೂಲಿನ ಉಂಡೆ ತಗೊಂಡ. ಅಂಗಡಿಯವನು ತಕ್ಕಡಿ ಕೆಳಗಿಟ್ಟು ಅವನ ಮುಖ ನೋಡಿದ.

"ಏನ್ ಸಾರ್, ಕರೆಂಟ್ ಆಫೀಸಿನವ್ರೇ ಮೇಣ ತಗೊಂಡ್ರೆ ಹೆಂಗೆ?"

ಷಡ್ಡಕನ ಮನೆಗೂ ಸಾಮಾನು ಹೋಗುವುದು ಇದೇ ಅಂಗಡಿಯಿಂದ. ಈಗಲೇ ವಿಷಯ ಬಯಲಾದರೆ ಉಡುಗೊರೆಯ ಸ್ವಾರಸ್ಯವೇ ಕೆಡುತ್ತದೆ. ಈಗ್ಬಂತಪ್ಪ ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಬೇಕಾಗುತ್ತಪ್ಪ. ಯಾರಿಗೂ ಹೇಳೋಕೆ ಹೋಗ್ಬೇಡ" ಎಂದ.

"ಯಾವತ್ತಿಗೆ ಬೇಕಾಗುತ್ತೆ ಸಾರ್?"

"ಈ ತಿಂಗಳ ಕೊನೆಗೆ."

ಅಂಗಡಿಯವನ ಬಾಯಿ ತೆರೆದುಕೊಂಡಿತು. ಅವನು ಆಣೆ ಮಾಡಿ ಯಾರಿಗೂ ಹೇಳುವುದಿಲ್ಲ ಎಂದ. ಆ ಮಾತಿಗೆ ತಪ್ಪದೆ, ಆ ದಿನ ಅಂಗಡಿಗೆ ಬಂದ ಪ್ರತಿಯೊಬ್ಬರನ್ನೂ ಪಕ್ಕಕ್ಕೆ ಕರೆದು, "ಯಾರಿಗೂ ಹೇಳ್ಬೇಡಿ" ಎಂದೇ ಹೇಳಿದ.

ಇತ್ತ ಈಗ್ಬಂತಪ್ಪ ಅಡಿಗೆಮನೆಯನ್ನು ಆಕ್ರಮಿಸಿಕೊಂಡ. ಫೋನಿನ ವಿಡಿಯೊದಲ್ಲಿ ಒಬ್ಬ ಹೆಂಗಸು ನಗುನಗುತ್ತ, ಸೀರೆಗೆ ಒಂದು ಹನಿಯೂ ತಾಗಿಸಿಕೊಳ್ಳದೆ, ಹಾಲು ಬಗ್ಗಿಸಿದಂತೆ ಮೇಣ ಬಗ್ಗಿಸಿ ಬತ್ತಿ ಮಾಡಿಬಿಡುತ್ತಿದ್ದಳು. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಸಣ್ಣ ಪಾತ್ರೆಯಿಟ್ಟು ಮೇಣ ಕರಗಿಸುವುದು, ಅಚ್ಚಿಗೆ ಹೊಯ್ಯುವುದು, ಆರಿಸುವುದು. ಇದರಲ್ಲಿ ತಪ್ಪುವುದಕ್ಕೆ ಏನಿದೆ ಎಂದು ಅವನಿಗೆ ಅನ್ನಿಸಿತು. ತಪ್ಪುವುದಕ್ಕೆ ಏನೇನಿದೆ ಎಂದು ಮೇಣ ಅವನಿಗೆ ಸಾವಕಾಶವಾಗಿ ಕಲಿಸಿತು.

ಅಚ್ಚಿಲ್ಲದ್ದರಿಂದ ಸ್ಟೀಲ್ ಲೋಟಗಳಿಗೆ ಹೊಯ್ದ. ಆರಿದ ಮೇಲೆ ನೋಡಿದರೆ ಪ್ರತಿ ಬತ್ತಿಯ ನಡುವೆ ಹೆಬ್ಬೆರಳು ಹೋಗುವಷ್ಟು ಕುಣಿ. ಕುಣಿಗೆ ಮತ್ತೆ ಮೇಣ ತುಂಬಿದ, ಅದು ಹೊಸ ಕುಣಿ ತೋಡಿಕೊಂಡಿತು. ಲೋಟದಿಂದ ಬತ್ತಿ ಹೊರಗೆ ಬರಲೊಲ್ಲದು. ಬುಡ ತಟ್ಟಿದ, ಬಿಸಿನೀರಿಗೆ ಹಿಡಿದ, ಕುಟ್ಟಾಣಿಯಿಂದ ಕುಟ್ಟಿದ. ಲೋಟ ನೆಗ್ಗಿತೇ ಹೊರತು ಬತ್ತಿ ಮನೆ ಖಾಲಿ ಮಾಡಲಿಲ್ಲ. ಬೇಗ ಆರಲಿ ಎಂದು ಫ್ರಿಜ್ಜಿನಲ್ಲಿಟ್ಟದ್ದು ಬಿರುಕು ಬಿಟ್ಟು ಎರಡು ಹೋಳಾಯಿತು. ಸುವಾಸನೆಯ ಎಣ್ಣೆಯನ್ನು ಕುದಿಯುವ ಮೇಣಕ್ಕೇ ಹಾಕಿದ್ದರಿಂದ ಪರಿಮಳವೆಲ್ಲ ಹಾರಿ ಪಕ್ಕದ ಮನೆ ಸೇರಿತು, ಬತ್ತಿಗೆ ಉಳಿದದ್ದು ಸುಟ್ಟ ರಬ್ಬರಿನ ವಾಸನೆ. ಬಣ್ಣ ಬರಲಿ ಎಂದು ಮಕ್ಕಳು ಚಿತ್ರ ಬಿಡಿಸುವ ಬಣ್ಣದ ಕಡ್ಡಿಗಳನ್ನು ಕರಗಿಸಿ ಸೇರಿಸಿದ. ಬಣ್ಣವೇನೋ ಬಂತು. ಅದು ನೂಲಿನ ಎಳೆಗಳಲ್ಲಿ ಕೂತು ಉಸಿರು ಕಟ್ಟಿಸಿದ್ದರಿಂದ ಬತ್ತಿ ಹತ್ತಿಕೊಳ್ಳಲೇ ಇಲ್ಲ.

"ರೀ, ಟೀ ಕುಡಿಯೋಕೆ ಒಂದಾದ್ರೂ ಲೋಟ ಬಿಟ್ಟಿದೀರಾ?" ಎಂದಳು ಹೆಂಡತಿ.

"ಬಟ್ಟಲಲ್ಲಿ ಕುಡಿಯೇ. ಎಲ್ಲದಕ್ಕೂ ಲೋಟ ಲೋಟ ಅಂತೀಯಲ್ಲ."

"ನೂಲು ಸಣ್ಣದಾಯ್ತೇನೋ. ಸ್ವಲ್ಪ ದಪ್ಪ ಹಾಕಿ."

ದಪ್ಪ ಹಾಕಿದ. ಅದು ರೈಲಿನಂತೆ ಹೊಗೆ ಕಾರಿತು. ಗೋಡೆಯ ಮೇಲೆ ಅವನ ಮಾವನವರ ಫೋಟೊ ಕಪ್ಪಗಾಯಿತು. ಹೆಂಡತಿ ತನ್ನ ತಂದೆಯ ಮುಖ ಒರೆಸುತ್ತ ಏನೇನು ಅಂದಳೋ ಅದನ್ನು ಇಲ್ಲಿ ಬರೆಯುವಂತಿಲ್ಲ.

ಮುಖ್ಯವಾದ ಅನಾಹುತ ಇನ್ನೊಂದಿತ್ತು. ಮೇಣದ ಪಾತ್ರೆ ತೊಳೆಯುವಾಗ ಅವನು ಬಿಸಿನೀರು ಹಾಕಿ ಮೇಣವನ್ನೆಲ್ಲ ಸಿಂಕಿನೊಳಗೆ ಬಿಟ್ಟ. ಬಿಸಿಯಿರುವವರೆಗೆ ಅದು ಮರ್ಯಾದೆಯಿಂದ ಹರಿಯಿತು. ಪೈಪಿನ ತಿರುವಿಗೆ ಹೋಗಿ ತಣ್ಣಗಾಗಿ ಕೂತುಬಿಟ್ಟಿತು. ಪ್ಲಂಬರ್ ಬಂದು ಪೈಪು ಬಿಚ್ಚಿದಾಗ ಒಳಗಿಂದ ಪೈಪಿನದೇ ಆಕಾರದ, ನಯವಾದ, ಒಂದೂ ಬಿರುಕಿಲ್ಲದ ಮೇಣದ ಕಡ್ಡಿ ಹೊರಬಂತು. ಆವರೆಗೆ ಆ ಮನೆಯಲ್ಲಿ ತಯಾರಾದದ್ದರಲ್ಲಿ ಚೆನ್ನಾಗಿದ್ದದ್ದು ಅದೊಂದೇ.

ಪ್ಲಂಬರ್ ಕಟ್ಟೆಯ ಮೇಲೆ ಸಾಲಾಗಿ ನಿಂತ ಲೋಟಗಳನ್ನು ನೋಡಿದ. "ಅಮ್ಮಾ, ಅಂಗಡಿಯವ್ನು ಹೇಳಿದ್ದು ನಿಜಾನಾ ಹಾಗಾದ್ರೆ? ಇಷ್ಟೊಂದು ಯಾಕೆ?"

ಅಂಗಡಿಯವನು ಏನು ಹೇಳಿದನೆಂದು ಹೆಂಡತಿಗೆ ಗೊತ್ತಿಲ್ಲ, ಕೇಳುವ ಸಹನೆಯೂ ಉಳಿದಿರಲಿಲ್ಲ. "ನನ್ನ ಕೇಳ್ಬೇಡಪ್ಪ. ಎಲ್ಲಾ ಅವ್ರಿಗೇ ಗೊತ್ತು" ಎಂದಳು.

ಎಲ್ಲಾ ಅವನಿಗೆ ಗೊತ್ತು ಎಂಬ ಸುದ್ದಿ ಪ್ಲಂಬರನ ಸೈಕಲ್ ಏರಿ ಬೀದಿ ಬೀದಿ ಸುತ್ತಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಊರಲ್ಲೂ ಇರುತ್ತಾರೆ. ಈ ಊರಿನವರು ಹಗ್ಗ ಹಿಡಿದುಕೊಂಡೇ ಕಾಯುತ್ತಿದ್ದರು. ತಿಂಗಳ ಕೊನೆಗೆ ಕರೆಂಟು ಹೋಗುತ್ತದೆ, ಒಂದೆರಡು ದಿನವಲ್ಲ, ವಾರಗಟ್ಟಲೆ, ಆಫೀಸಿನವರಿಗೆ ಮೊದಲೇ ಗೊತ್ತು, ಅವರು ಸದ್ದಿಲ್ಲದೆ ಬತ್ತಿ ಮಾಡಿಟ್ಟುಕೊಳ್ಳುತ್ತಿದ್ದಾರೆ. ಎರಡೇ ದಿನದಲ್ಲಿ ಅಂಗಡಿಯಲ್ಲಿ ಮೇಣದಬತ್ತಿ ಖಾಲಿ. ಅಂಗಡಿಯವನು ಎಲ್ಲೆಲ್ಲಿಂದಲೋ ತರಿಸಿದ, ಅದೂ ಖಾಲಿ.

ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರು ವಿಚಾರವಾದಿ. ಗಾಳಿಸುದ್ದಿ ನಂಬುವವರಲ್ಲ, ಖುದ್ದಾಗಿ ವಿಚಾರಿಸಿ ಆಮೇಲೆ ನಂಬುವವರು. ಅವರು ಕಾಂಪೌಂಡಿನ ಆಚೆ ನಿಂತು ಈಗ್ಬಂತಪ್ಪನನ್ನು ಕರೆದರು.

"ನೋಡಪ್ಪ, ಮುಚ್ಚಿಡಬೇಡ. ಕರೆಂಟು ಹೋಗುತ್ತಂತೆ?"

"ಯಾರ್ ಹೇಳಿದ್ದು ಮೇಷ್ಟ್ರೇ? ಹೋಗಲ್ಲ."

"ಹೋಗಲ್ಲ?"

"ನನ್ನಾಣೆ ಹೋಗಲ್ಲ."

ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ನೇರವಾಗಿ ಒಳಗೆ ಹೋದರು. "ಲೇ, ಟ್ಯಾಂಕ್ ತುಂಬಿಸು" ಎಂದರು ಹೆಂಡತಿಗೆ. "ಇಷ್ಟು ವರ್ಷ ಅವನು ಬರುತ್ತೆ ಅಂದಾಗ ಬಂದಿಲ್ಲ. ಇವತ್ತು ಹೋಗಲ್ಲ ಅಂತಾನೆ. ಲೆಕ್ಕ ನೀನೇ ಹಾಕ್ಕೋ."

ಈ ಲೆಕ್ಕ ಬೀದಿಯವರಿಗೆಲ್ಲ ಸರಿಯೆನಿಸಿತು. ಪಾಪ ಈಗ್ಬಂತಪ್ಪ ಕಂಡಕಂಡವರಿಗೆಲ್ಲ ಹೋಗುವುದಿಲ್ಲ ಎಂದು ಹೇಳತೊಡಗಿದ. ಅವನು ಒಬ್ಬರಿಗೆ ಹೇಳಿದರೆ ಹತ್ತು ಮನೆಯವರು ಟಾರ್ಚು ಕೊಂಡರು. ಆಫೀಸಿನ ಫೋನಿಗೆ ಕರೆ ಮಾಡಿದವರಿಗೂ ಅದನ್ನೇ ಹೇಳಿದ, ಅವರು ಗಾಬರಿಯಾಗಿ ಬೇರೆ ಊರಿನ ನೆಂಟರಿಗೆ ತಿಳಿಸಿದರು. ಷಡ್ಡಕನಂತೂ ಫೋನು ಮಾಡಿ ಮುನಿಸಿಕೊಂಡ.

"ಅಣ್ಣಾ, ಊರಿಗೆಲ್ಲ ಗೊತ್ತು. ಸ್ವಂತ ಷಡ್ಡಕನಿಗೆ ಒಂದು ಮಾತು ಹೇಳ್ಬಾರ್ದಿತ್ತಾ? ಸೋಪು ಕೊಡುವಾಗ ನಾನು ನಿಮ್ಮನ್ನ ಮರೆತ್ನಾ?"

"ಅಯ್ಯೋ, ಏನೂ ಇಲ್ಲಪ್ಪ. ಕರೆಂಟು ಎಲ್ಲೂ ಹೋಗಲ್ಲ."

"ಅಷ್ಟು ಜಾಸ್ತಿ ದಿನಾನಾ ಅಣ್ಣಾ?" ಎಂದ ಷಡ್ಡಕ, ಸಣ್ಣ ದನಿಯಲ್ಲಿ.

ತಿಂಗಳ ಕೊನೆಯ ದಿನ ಬಂತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಊರು ಕತ್ತಲನ್ನು ಎದುರಿಸಲು ಸಜ್ಜಾಗಿ ನಿಂತಿತು. ಇನ್ನು ವಾರಗಟ್ಟಲೆ ನೀರಿಲ್ಲ ಎಂದು ಪ್ರತಿ ಮನೆಯ ಪಂಪು ಓಡುತ್ತಿತ್ತು. ಇನ್ನು ಇಸ್ತ್ರಿಯಿಲ್ಲ ಎಂದು ಪ್ರತಿ ಮನೆಯಲ್ಲೂ ಮದುವೆಗೆ ಹೊಲಿಸಿದ ಕೋಟಿನವರೆಗೆ ಎಲ್ಲಕ್ಕೂ ಇಸ್ತ್ರಿ ಬೀಳುತ್ತಿತ್ತು. ವಾಷಿಂಗ್ ಮೆಷಿನ್ನುಗಳು ಒಗೆದ ಬಟ್ಟೆಯನ್ನೇ ಒಗೆಯುತ್ತಿದ್ದವು, ಮಿಕ್ಸಿಗಳು ವಾರದ ಮಸಾಲೆ ರುಬ್ಬುತ್ತಿದ್ದವು, ಹೊಸದಾಗಿ ತಂದ ಬ್ಯಾಟರಿಗಳು, ಮೊಬೈಲುಗಳು, ಟಾರ್ಚುಗಳು ಇದ್ದಬದ್ದ ಪ್ಲಗ್ಗಿಗೆಲ್ಲ ಬಾಯಿ ಹಾಕಿ ಕರೆಂಟು ಕುಡಿಯುತ್ತಿದ್ದವು. ಹೆಡ್‌ಮಾಸ್ಟರು ಸ್ನಾನಕ್ಕೆ ನೀರು ಕಾಯಿಸುವ ಹೀಟರನ್ನು ಬಕೆಟಿಗೊಂದರಂತೆ ಎರಡು ಬಕೆಟಿಗೆ ಇಳಿಬಿಟ್ಟಿದ್ದರು.

ಊರಿಗೆಲ್ಲ ಒಂದೇ ಆದ, ಬೀದಿಯ ಮೂಲೆಯ ಟ್ರಾನ್ಸ್‌ಫಾರ್ಮರ್ ಮುದಿ ಜೀವ. ಮೊದಲು ಗುಂಯ್ ಎಂದಿತು, ಆಮೇಲೆ ನಡುಗಿತು, ಆಮೇಲೆ ಢಂ ಎಂದು ಸಿಡಿದು ಬೆಂಕಿಯ ಕಿಡಿ ಉದುರಿಸಿ ಸುಮ್ಮನಾಯಿತು. ಊರು ಕತ್ತಲಾಯಿತು.

ಜನ ಗಾಬರಿಯಾಗಲಿಲ್ಲ. "ಹೇಳಿದ್ನಲ್ಲ" ಎಂದು ಪ್ರತಿಯೊಬ್ಬರೂ ಪ್ರತಿಯೊಬ್ಬರಿಗೂ ಹೇಳಿಕೊಂಡು ತೃಪ್ತಿಯಿಂದ ಮೇಣದಬತ್ತಿ ಹಚ್ಚಿದರು. ಗಾಬರಿಯಾದವನು ಈಗ್ಬಂತಪ್ಪ ಒಬ್ಬನೇ.

ಬೆಳಗಾಗುವಷ್ಟರಲ್ಲಿ ಜನರ ತೃಪ್ತಿ ಕೋಪಕ್ಕೆ ತಿರುಗಿತು. ಮೊದಲೇ ಗೊತ್ತಿದ್ದೂ ಜನರಿಗೆ ಹೇಳದೆ ಮುಚ್ಚಿಟ್ಟರಲ್ಲ ಎಂದು ಕರೆಂಟ್ ಆಫೀಸಿನ ಮುಂದೆ ಗುಂಪು ಸೇರಿತು. ಕಾವಲುಗಾರ ಹೆದರಿ ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿದ. ಒಳಗೆ ಇಂಜಿನಿಯರ್ ಸಾಹೇಬರ ಕೋಣೆಯಲ್ಲಿ ಹಾಡಹಗಲೇ ಕಣ್ಣಿಗೆ ಬೆರಳಿಟ್ಟರೂ ಕಾಣದಷ್ಟು ಕತ್ತಲು. ಅವರ ಮೊಬೈಲು ಮೇಲಿನವರ ಬೈಗುಳ ಕೇಳಿ ಕೇಳಿ ಸತ್ತುಹೋಗಿತ್ತು. ಒಂದು ಮೇಣದಬತ್ತಿ ತನ್ನಿ ಎಂದರೆ, ಊರಿನ ಯಾವ ಅಂಗಡಿಯಲ್ಲೂ ಇಲ್ಲ ಎಂದು ಕಾವಲುಗಾರ ಕಿಟಕಿಯನ್ನು ಒಂದು ಗೇಣು ತೆರೆದ. ಆ ಗೇಣು ಬೆಳಕಿನಲ್ಲಿ ಈಗ್ಬಂತಪ್ಪ ಕೈಕಟ್ಟಿ ನಿಂತಿದ್ದ.

"ಎರಡರಲ್ಲಿ ಒಂದು" ಎಂದರು ಸಾಹೇಬರು. "ಟ್ರಾನ್ಸ್‌ಫಾರ್ಮರ್ ಸುಡೋದು ನಿಮಗೆ ಮೊದಲೇ ಗೊತ್ತಿರ್ಬೇಕು. ಅದು ಸಾಧ್ಯ ಇಲ್ಲ, ಯಾಕಂದ್ರೆ ನನಗೇ ಗೊತ್ತಿರ್ಲಿಲ್ಲ. ಇಲ್ಲಾ, ನೀವೇ ಸುಳ್ಳುಸುದ್ದಿ ಹಬ್ಬಿಸಿ, ಮೇಣದಬತ್ತಿ ಮಾಡಿ, ಆ ಅಂಗಡಿಯವನ ಜೊತೆ ಸೇರಿ ವ್ಯಾಪಾರ ಮಾಡಿರ್ಬೇಕು. ಸರ್ಕಾರಿ ನೌಕರ ಹಂಗೆ ಮಾಡಿದ್ರೆ ಏನಾಗುತ್ತೆ ಗೊತ್ತಲ್ಲ? ಇವತ್ತೇ ಸಸ್ಪೆಂಡ್."

ಈಗ್ಬಂತಪ್ಪ ಕೈ ಮುಗಿದ. ಫೋನೆತ್ತುವುದು ಬಿಟ್ಟರೆ ಅವನಿಗೆ ಬೇರೆ ವಿದ್ಯೆ ಗೊತ್ತಿಲ್ಲ. "ಇಲ್ಲ ಸಾರ್. ಮನೆ ಮಟ್ಟಿಗೆ, ನಾದಿನಿಗೆ ಕೊಡೋಕೆ ಅಂತ ಮಾಡಿದ್ದು."

"ಮಾಲು ತರ್ಸಿದೀನಿ. ನೋಡೋಣ."

ಮಾಲು ಬುಟ್ಟಿಯಲ್ಲಿ ಬಂತು, ಹಿಂದೆಯೇ ಹೆಂಡತಿಯೂ ಬಂದಳು. ಅಳಿದುಳಿದ ಲೋಟಗಳನ್ನು ಆಫೀಸಿನವರ ಕೈಗೆ ಕೊಟ್ಟು ಕಳಿಸುವಷ್ಟು ನಂಬಿಕೆ ಅವಳಿಗೆ ಇರಲಿಲ್ಲ.

"ಅಮ್ಮಾ, ನಿಮ್ಮ ಯಜಮಾನ್ರಿಗೆ ಕರೆಂಟು ಹೋಗೋದು ಮೊದಲೇ ಗೊತ್ತಿತ್ತಾ?"

"ಇವ್ರಿಗಾ ಸಾರ್?" ಎಂದಳು ಹೆಂಡತಿ. "ಮದುವೆ ಆಗಿ ಇಷ್ಟು ವರ್ಷ ಆಯ್ತು. ಇವ್ರಿಗೆ ಮೊದಲೇ ಗೊತ್ತಾಗಿದ್ದು ಅಂತ ನಮ್ಮ ಮನೇಲಿ ಒಂದು ವಿಷಯ ಇಲ್ಲ. ನಾನು ಬಸುರಿ ಅಂತ ಗೊತ್ತಾಗಿದ್ದೇ ಪಕ್ಕದ ಮನೆ ಮೇಷ್ಟ್ರು ಹೇಳಿದ್ಮೇಲೆ."

"ವ್ಯಾಪಾರ?"

"ಇದನ್ನ ಯಾರು ಕೊಳ್ತಾರೆ ಸಾರ್? ಹಚ್ಚಿ ನೋಡಿ, ನಿಮಗೇ ತಿಳಿಯುತ್ತೆ."

ಸಾಹೇಬರು ಬೆಂಕಿಪೊಟ್ಟಣ ತೆಗೆದರು. ಬಣ್ಣದ್ದಕ್ಕೆ ಕಡ್ಡಿ ಗೀರಿದರು, ಅದು ಚಿಟಿಚಿಟಿ ಎಂದು ಉಗುಳಿ ಆರಿತು. ಮತ್ತೆ ಗೀರಿದರು, ಮತ್ತೆ ಉಗುಳಿತು. ದಪ್ಪ ನೂಲಿನದನ್ನು ಹಚ್ಚಿದರು. ಅದು ಬುಸ್ ಎಂದು ಹೊಗೆಯೆಬ್ಬಿಸಿ ಸಾಹೇಬರ ನರೆತ ಮೀಸೆಗೆ ಹಳೆಯ ಯೌವನವನ್ನು ಮರಳಿಸಿತು. ಕಾವಲುಗಾರ ಕೆಮ್ಮುವ ನೆಪದಲ್ಲಿ ಹೊರಗೆ ಹೋದ. ಸಾಹೇಬರು ಕಣ್ಣೊರೆಸಿಕೊಂಡು ಬುಟ್ಟಿಯ ಕಡೆ ನೋಡಿದರು.

"ಇಷ್ಟೇನಾ ಇರೋದು?" ಎಂದರು. ದನಿ ಮೆತ್ತಗಾಗಿತ್ತು.

"ಇಷ್ಟೇ ಸಾರ್" ಎಂದಳು ಹೆಂಡತಿ, ಬುಟ್ಟಿಗೆ ಬಟ್ಟೆ ಮುಚ್ಚುತ್ತ.

ಕೆಲಸ ಉಳಿದಿತ್ತು. ಬಾಯಿ ಮುಚ್ಚಿಕೊಂಡು ಮನೆಗೆ ಹೋಗಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಸಾಹೇಬರ ಮುಖದ ಮೇಲಿದ್ದ ಆ ಕನಿಕರವನ್ನು ಈಗ್ಬಂತಪ್ಪನಿಗೆ ಸಹಿಸಿಕೊಳ್ಳಲಾಗಲಿಲ್ಲ. ಮನುಷ್ಯ ಕಳ್ಳ ಎನ್ನಿಸಿಕೊಂಡು ಬದುಕಬಹುದು, ಕೈಲಾಗದವನು ಎನ್ನಿಸಿಕೊಂಡು ಬದುಕುವುದು ಕಷ್ಟ.

"ಅಡಿಯಲ್ಲಿ ಇನ್ನೊಂದಿದೆ ಸಾರ್" ಎಂದ.

ಹೆಂಡತಿ ಅವನ ಕಾಲು ತುಳಿದಳು. ಅವನು ಕಾಲು ಎಳೆದುಕೊಂಡು, ಬುಟ್ಟಿಯ ತಳದಲ್ಲಿ ಕಾಗದ ಸುತ್ತಿಟ್ಟಿದ್ದ ಬಿಳಿಯ ಬತ್ತಿಯನ್ನು ಎರಡೂ ಕೈಯಲ್ಲಿ ತೆಗೆದು ಸಾಹೇಬರ ಮುಂದಿಟ್ಟ. ಪ್ಲಂಬರ್ ಬಂದು ಹೋದ ಮೇಲೆ ನಾದಿನಿಗೆಂದು ಮಾಡಿ ತೆಗೆದಿಟ್ಟಿದ್ದು, ಹಿಂದಿನ ರಾತ್ರಿಯ ಗಲಾಟೆಯಲ್ಲಿ ಕೊಡಲಾಗದೆ ಉಳಿದದ್ದು. ಕುಣಿಯಿಲ್ಲ, ಬಿರುಕಿಲ್ಲ, ನೂಲು ನೆಟ್ಟಗೆ ನಟ್ಟನಡುವೆ ನಿಂತಿತ್ತು. ಮೈ ಮೇಲೆ ಒಂದೂ ಗುಳ್ಳೆಯಿರಲಿಲ್ಲ. ಕಿಟಕಿಯ ಬೆಳಕು ಅಡ್ಡ ಬರುತ್ತದೆಂದು ಅವನೇ ಹೋಗಿ ಅದನ್ನು ಮುಚ್ಚಿ ಬಂದ.

ಸಾಹೇಬರು ಹಚ್ಚಿದರು. ಬತ್ತಿ ಒಂದೇ ಕಡ್ಡಿಗೆ ಹತ್ತಿಕೊಂಡಿತು. ಹೊಗೆಯಿಲ್ಲ, ಸದ್ದಿಲ್ಲ, ಬೆರಳುದ್ದದ ಉರಿ ಅಲುಗಾಡದೆ ಎದ್ದು ನಿಂತಿತು. ಕೋಣೆಯ ಮೂಲೆಯ ಕಡತಗಳ ಧೂಳೂ ಕಾಣುವಷ್ಟು ಬೆಳಕಾಯಿತು. ಈಗ್ಬಂತಪ್ಪ ಹೆಂಡತಿಯ ಕಡೆ ತಿರುಗಿದ. ಅವಳು ಈ ಬತ್ತಿಯನ್ನು ಹಚ್ಚಿ ನೋಡಿರಲಿಲ್ಲ. ಅವಳ ಮುಖದಲ್ಲಿ ಹೆದರಿಕೆಯ ಜೊತೆಗೆ ಬೇರೆ ಏನೋ ಇತ್ತು, ಸೋಪು ಬಂದ ದಿನ ಇದ್ದಂಥದ್ದು. ಅವನಿಗೆ ಅಷ್ಟು ಸಂತೋಷವಾಗಿ ಎಷ್ಟೋ ವರ್ಷಗಳಾಗಿದ್ದವು.

ಸಾಹೇಬರ ಮುಖ ಮಾತ್ರ ಗಟ್ಟಿಯಾಗುತ್ತ ಬಂತು. "ಇದನ್ನ ಅಂಗಡೀಲಿಟ್ರೆ ಜನ ಎರಡನೇ ಮಾತಾಡದೆ ತಗೋತಾರೆ."

"ತಗೋತಾರೆ ಅಲ್ವಾ ಸಾರ್?" ಎಂದ ಈಗ್ಬಂತಪ್ಪ. "ಕಿಟಕಿ ಮುಚ್ಚಿದ ಕೋಣೇಲಿ ನಿಧಾನವಾಗಿ ಆರ್ಸಿದ್ದು. ಲೋಟ ಮೊದಲೇ ಬಿಸಿ ಮಾಡ್ಕೊಂಡಿದ್ದೆ. ಮೇಲ್ಭಾಗ ನೋಡಿ ಸಾರ್, ಕನ್ನಡಿ ಇದ್ದಂಗಿದೆ."

"ರೀ" ಎಂದಳು ಹೆಂಡತಿ.

"ನೀನು ಸುಮ್ನಿರೇ. ಸಾಹೇಬ್ರಿಗೆ ಗೊತ್ತಾಗ್ತಿದೆ."

ಸಾಹೇಬರಿಗೆ ಗೊತ್ತಾಗಿತ್ತು. ಅವರು ಒಂದು ಹಾಳೆ ಎಳೆದುಕೊಂಡು, ಅದೇ ಬತ್ತಿಯ ಬೆಳಕಿನಲ್ಲಿ ಪೆನ್ನಿನ ಮುಚ್ಚಳ ತೆಗೆದರು. 'ಈ ಮೂಲಕ' ಎಂದು ಬರೆದರು. ಅಷ್ಟರಲ್ಲಿ ಅಕ್ಷರ ಮಸುಕಾಯಿತು. ನೂಲಿನ ಸುತ್ತ ಕರಗಿದ ಮೇಣ ತುಂಬಿಕೊಂಡು ಬರುತ್ತಿತ್ತು. ನೂಲು ಸಣ್ಣದು, ಅಷ್ಟು ಮೇಣವನ್ನು ಕುಡಿಯುವ ತಾಕತ್ತು ಅದಕ್ಕಿರಲಿಲ್ಲ. ಉರಿ ಬೆರಳಿನಷ್ಟಿದ್ದದ್ದು ಉಗುರಿನಷ್ಟಾಯಿತು, ಉಗುರಿನಷ್ಟಿದ್ದದ್ದು ಸಾಸಿವೆಯಷ್ಟಾಯಿತು. ಈಗ್ಬಂತಪ್ಪ ಅಭ್ಯಾಸಬಲದಿಂದ, "ಈಗ್ ಬಂತು ಸಾರ್, ಈಗ್ ಬಂತು" ಎಂದ. ಬತ್ತಿ ತನ್ನ ಮೇಣದಲ್ಲಿ ತಾನೇ ಮುಳುಗಿ ಪುಸಕ್ಕೆಂದು ಆರಿತು.

ಗವ್ವೆನ್ನುವ ಕತ್ತಲು. ಅದರೊಳಗಿಂದ ಮೊದಲು ಕುರ್ಚಿ ಕಿರುಗುಟ್ಟಿದ ಸದ್ದು, ಆಮೇಲೆ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಗುವ ಸದ್ದು ಕೇಳಿಸಿತು. ಹಾಳೆ ಹರಿದದ್ದೂ ಕೇಳಿಸಿತು.

"ಹೋಗ್ರಿ, ಮನೆಗ್ ಹೋಗ್ರಿ. ಇಂಥದ್ದನ್ನ ಮಾರಿ ಯಾರೂ ಉದ್ಧಾರ ಆಗಲ್ಲ. ಇದು ಮೇಣದಬತ್ತಿನೇ ಅಲ್ಲ ಅಂತ ಮೇಲಿನವ್ರಿಗೆ ವರದಿ ಕಳಿಸ್ತೀನಿ."

"ಹಂಗನ್ಬೇಡಿ ಸಾರ್" ಎಂದ ಈಗ್ಬಂತಪ್ಪ. ದನಿಯಲ್ಲಿ ಅಳುವಿತ್ತು. "ನೂಲು ಒಂದೆಳೆ ದಪ್ಪ ಇದ್ದಿದ್ರೆ ಬುಡದ ತನಕ ಉರೀತಿತ್ತು. ನೀವೇ ನೋಡಿದ್ರಲ್ಲ. ಒಂದೇ ಒಂದು ಅವಕಾಶ ಕೊಡಿ, ನಾಳೆ ತರ್ತೀನಿ, ಸಂಜೆವರೆಗೂ ಉರಿಯುತ್ತೆ."

ನಗು ನಿಂತಿತು. "ಏನ್ರೀ ನೀವು, ಉರಿಯೋ ಬತ್ತಿ ತಂದ್ರೆ ನಾನು ಸಸ್ಪೆಂಡ್ ಮಾಡ್ಬೇಕಾಗುತ್ತೆ. ಇದು ಮೇಣದಬತ್ತಿ ಅಲ್ಲ ಅಂತ ಒಪ್ಕೊಂಡ್ರೆ ಕೆಲಸ ಇರುತ್ತೆ. ಮೇಣದಬತ್ತಿನೇ ಅಂದ್ರೆ ಇರಲ್ಲ. ಯಾವುದು ಬೇಕು ಹೇಳಿ."

ಕತ್ತಲಲ್ಲಿ ಯಾರ ಮುಖವೂ ಕಾಣುತ್ತಿರಲಿಲ್ಲ. ಹೊರಗೆ ಜನರ ಕೂಗು ಕೇಳುತ್ತಿತ್ತು. ಆರಿದ ಬತ್ತಿಯ ವಾಸನೆ ಕೋಣೆಯಲ್ಲಿ ತುಂಬಿಕೊಂಡಿತು. ಸಾಹೇಬರು ಕಾದರು, ಮೇಜಿನ ಮೇಲೆ ಬೆರಳಿನಿಂದ ತಟ್ಟಿದರು, ಮತ್ತೆ ಕಾದರು.

"ಕೆಲಸ ಬೇಕು ಸಾರ್" ಎಂದಿತು ಕೊನೆಗೊಂದು ದನಿ.

ಹೇಳಿದವಳು ಹೆಂಡತಿ.